ಬುರುಡೆ ಸಂಘ

ನಮ್ಮ ಪಕ್ಕದ ಮನೆಯವರು ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿ ಮೂರು ತಿಂಗಳಾಯಿತು. ಅವರ ಕಾಂಪೌಂಡಿನ ಮೇಲೆ ಹಬ್ಬಿದ್ದ ಸೋರೆಬಳ್ಳಿಯ ಕಾಯಿಗಳು ಕೀಳುವವರಿಲ್ಲದೆ ಬಲಿತು, ಒಣಗಿ, ಬೂದುಬಣ್ಣಕ್ಕೆ ತಿರುಗಿದ್ದವು. ಮೊನ್ನೆ ಮಧ್ಯಾಹ್ನ ಬೀಸಿದ ಗಾಳಿಗೆ ಅದರಲ್ಲೊಂದು ನಮ್ಮ ಅಂಗಳಕ್ಕೆ ಬಿದ್ದು, ಟೊಕ್ಕೆಂದು ಸದ್ದು ಮಾಡಿ, ಎರಡು ಸುತ್ತು ಉರುಳಿ, ನಾನು ಕೂತಿದ್ದ ಕುರ್ಚಿಯ ಕಾಲಿಗೆ ಬಂದು ಒರಗಿತು. ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಬೀಜ ಗಿಲಗಿಲ ಎಂದವು. ಒಣಗಿದ ಸೋರೆಬುರುಡೆಯನ್ನು ನೀವು ಎಂದಾದರೂ ಮೂಸಿ ನೋಡಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ. ಅಂಥ ವಿಶೇಷವಾದ ವಾಸನೆಯೇನಲ್ಲ. ಹಳೆಯ ಹುಲ್ಲು, ಸ್ವಲ್ಪ ಧೂಳು, ಅಷ್ಟೆ. ನನಗೆ ಮಾತ್ರ ಅದನ್ನು ಮೂಸಿದ ತಕ್ಷಣ ಮೂಗಿನೊಳಗೆ ಹೊಳೆಯ ನೀರು ನುಗ್ಗಿದ ಹಾಗಾಗುತ್ತದೆ. ಅದಕ್ಕೆ ಕಾರಣವಿದೆ. ಎಷ್ಟೋ ವರ್ಷಗಳ ಹಿಂದೆ, ನಾಲ್ಕು ಸೋರೆಬುರುಡೆಗಳನ್ನು ಸೊಂಟಕ್ಕೆ ಕಟ್ಟಿಕೊಂಡು, ಊರಿಗೆ ಊರೇ ನೋಡುತ್ತಿರುವಾಗ ಭದ್ರಾ ಹೊಳೆಯಲ್ಲಿ ತಲೆಕೆಳಗಾದವನು ನಾನು.

ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಮಾತು. ನಾನು ಹುಟ್ಟಿ ಬೆಳೆದದ್ದು ಶಿವಮೊಗ್ಗದ ಇದೇ ದುರ್ಗಿಗುಡಿಯಲ್ಲಿ. ಮನೆಯಿಂದ ತುಂಗೆಗೆ ಕಾಲ್ನಡಿಗೆಯ ದಾರಿ. ಆದರೂ ನನಗೆ ಈಜು ಬಾರದು. ನಮ್ಮಮ್ಮ ಹೊಳೆಯ ಕಡೆ ತಿರುಗಿ ಮಲಗಲೂ ಬಿಡುತ್ತಿರಲಿಲ್ಲ. ಹೀಗೆ ಒಣಗಿಯೇ ಬೆಳೆದ ನಾನು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಭದ್ರಾವತಿಯ ಒಂದು ಮರ ಕೊಯ್ಯುವ ಮಿಲ್ಲಿಗೆ ಗುಮಾಸ್ತನಾಗಿ ಹೋದೆ. ಕೂಲಿಗಳ ಹಾಜರಿ ಪುಸ್ತಕ ಬರೆಯುವುದು ನನ್ನ ಕೆಲಸ. ಬೆಳಿಗ್ಗೆ ಮಿಲ್ಲಿನ ಸೀಟಿ ಕೂಗಿದ ಮೇಲೆ ಬಾಗಿಲು ಹಾಕುತ್ತಿದ್ದರು. ಒಳಗಿದ್ದವರ ಹೆಸರಿನ ಮುಂದೆ ಸರಿ ಗುರುತು, ಹೊರಗುಳಿದವರ ಹೆಸರಿನ ಮುಂದೆ ಒಂದು ಅಡ್ಡಗೀಟು, ಅಂದರೆ ಆ ದಿನದ ಕೂಲಿ ಇಲ್ಲ. ಅಕ್ಷರ ಚೆನ್ನಾಗಿದೆ ಅಂತ ಮಾಲೀಕರು ಹೊಗಳಿದ್ದರಿಂದ ಅಡ್ಡಗೀಟನ್ನೂ ನಾನು ಚೆನ್ನಾಗಿಯೇ ಎಳೆಯುತ್ತಿದ್ದೆ.

ಮಿಲ್ಲಿಗೆ ಬರುತ್ತಿದ್ದ ಕೂಲಿಗಳಲ್ಲಿ ಹತ್ತು ಹನ್ನೆರಡು ಜನ ಕುರುವದವರು. ಕುರುವ ಎಂದರೆ ಹೊಳೆಯ ನಡುವಿನ ದಿಬ್ಬ. ಭದ್ರೆ ಅಲ್ಲಿ ಎರಡಾಗಿ ಒಡೆದು, ಒಂದು ಮೈಲಿಯಷ್ಟು ನೆಲವನ್ನು ಸುತ್ತಿಕೊಂಡು, ಮತ್ತೆ ಒಂದಾಗುತ್ತಾಳೆ. ಮೇಲೆ ನಲವತ್ತು ಮನೆ, ಬದನೆ ಹೀರೆ ಕುಂಬಳದ ತೋಟಗಳು, ಒಂದಷ್ಟು ಎಮ್ಮೆಗಳು. ಉಪ್ಪಿನಿಂದ ಹಿಡಿದು ಔಷಧದವರೆಗೆ ಎಲ್ಲಕ್ಕೂ ಅವರು ಹರಿಗೋಲು ಹತ್ತಿ ಈಚೆ ದಡಕ್ಕೆ ಬರಬೇಕು. ಬಿದಿರು ಹೆಣೆದು ಚರ್ಮ ಹೊದೆಸಿದ ದೊಡ್ಡ ಬುಟ್ಟಿಯಂಥ ಆ ಹರಿಗೋಲನ್ನು ನಡೆಸುತ್ತಿದ್ದವನು ಭರಮಣ್ಣ. ಐವತ್ತರ ಆಸುಪಾಸಿನ, ಮಾತು ಕಡಿಮೆಯ, ಕಪ್ಪು ಕಂಬದಂಥ ಮನುಷ್ಯ.

ಆ ಹರಿಗೋಲಿನಲ್ಲೇ ಪ್ರತಿದಿನ ಬರುತ್ತಿದ್ದವಳು ಮೊಸರಿನ ಚೌಡಜ್ಜಿ. ಮಿಲ್ಲಿನ ಬೀದಿಯ ಹುಣಸೆಮರದ ಕೆಳಗೆ ಮಡಕೆ ಇಳಿಸಿ ಕೂರುತ್ತಿದ್ದಳು. ಅಳೆದು ಹಾಕಿದ ಮೇಲೆ ಬೆರಳಿನಿಂದ ಕೆನೆಯನ್ನು ಒಂದಿಷ್ಟು ಎಳೆದು ನಮ್ಮ ಪಾತ್ರೆಗೆ ಬಿಡುತ್ತಿದ್ದಳು. ಹೋಟೆಲಿನ ಅನ್ನ ತಿಂದು ಹೊಟ್ಟೆ ಕೆಟ್ಟಿದ್ದ ನನ್ನನ್ನು ಆ ಮೊಸರೇ ಉಳಿಸಿತು ಎಂದರೆ ತಪ್ಪಲ್ಲ. ಅವಳ ಹತ್ತಿರ ದಿನವೂ ನಾವು ಮೂವರು ಸೇರುತ್ತಿದ್ದೆವು: ನಾನು, ನಮ್ಮ ಮಿಲ್ಲಿನ ಬಡಗಿ ಮುನಿಸ್ವಾಮಿ, ಮತ್ತು ಆಸ್ಪತ್ರೆಯ ಹೆರಿಗೆ ನರ್ಸು ಫಿಲೋಮಿನಮ್ಮ. ಮುನಿಸ್ವಾಮಿ ತಮಿಳಿನವನು, ಕನ್ನಡವನ್ನು ಉಳಿಯಿಂದ ಕೆತ್ತಿದ ಹಾಗೆ ಸಣ್ಣ ಸಣ್ಣ ತುಂಡು ಮಾಡಿ ಮಾತಾಡುತ್ತಿದ್ದ. ಫಿಲೋಮಿನಮ್ಮ ಶಿವಮೊಗ್ಗದವರೇ, ದಪ್ಪ ಶರೀರ, ಬಿಳಿ ಸೀರೆ, ಯಾವಾಗಲೂ ಕಂಕುಳಲ್ಲಿ ಕಪ್ಪು ಕೊಡೆ. ಭದ್ರಾವತಿಯ ಅರ್ಧ ಮಕ್ಕಳನ್ನು ಮೊದಲು ಎತ್ತಿಕೊಂಡವರು ಅವರೇ, ಹಾಗಾಗಿ ಯಾರನ್ನು ಬೇಕಾದರೂ ಗದರಿಸುವ ಅಧಿಕಾರ ಅವರಿಗಿತ್ತು. ನಾವು ಮೂವರೂ ಒಬ್ಬರಿಗೊಬ್ಬರು ನಮಸ್ಕಾರ ಹೇಳುತ್ತಿದ್ದೆವೇ ಹೊರತು ಅದಕ್ಕಿಂತ ಹೆಚ್ಚಿನ ಪರಿಚಯವಿರಲಿಲ್ಲ. ಒಂದೇ ಮಡಕೆಯ ಮೊಸರು ತಿನ್ನುವವರು ಎಂಬುದಷ್ಟೇ ನಂಟು.

ಒಂದು ಮಳೆಗಾಲದ ಬೆಳಿಗ್ಗೆ ಚೌಡಜ್ಜಿ ಬರಲಿಲ್ಲ. ಮಿಲ್ಲಿನ ಸೀಟಿ ಆಗಿಹೋಗಿತ್ತು. ಆ ದಿನ ಮಾಲೀಕರು ಊರಲ್ಲಿರಲಿಲ್ಲವಾದ್ದರಿಂದ ನಾನು ಧೈರ್ಯವಾಗಿ ಹುಣಸೆಮರದ ಕೆಳಗೇ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಹೊಳೆಯ ಕಡೆಯಿಂದ ಜನ ಓಡಿಬಂದರು. ಹರಿಗೋಲಿನಲ್ಲಿ ಹದಿನೈದು ಹದಿನಾರು ಜನರಿದ್ದರಂತೆ. ದಡಕ್ಕೆ ಇನ್ನು ಹತ್ತು ಹೆಜ್ಜೆ ಇರುವಾಗ ಸೀಟಿ ಕೂಗಿತಂತೆ. ಬಾಗಿಲು ಹಾಕಿಬಿಡುತ್ತಾರೆಂದು ಕೂಲಿಗಳೆಲ್ಲ ಒಟ್ಟಿಗೆ ಎದ್ದು ನಿಂತರಂತೆ. ಹರಿಗೋಲು ಒಂದು ಕಡೆಗೆ ವಾಲಿ ಮಗುಚಿತು. ಮರಳು ತೆಗೆದ ಗುಂಡಿ ಅಲ್ಲಿತ್ತು, ಆಳುದ್ದದ ನೀರು. ಉಳಿದವರೆಲ್ಲ ಹೇಗೋ ಒದ್ದಾಡಿ ಮೇಲೆ ಬಂದರು. ಮಡಕೆಯನ್ನು ಸೆರಗಿನಿಂದ ಸೊಂಟಕ್ಕೆ ಬಿಗಿದುಕೊಂಡಿದ್ದ ಚೌಡಜ್ಜಿ ಬರಲಿಲ್ಲ.

ನಾವು ಮೂವರೂ ಖಾಲಿ ಪಾತ್ರೆ ಹಿಡಿದುಕೊಂಡು ನಿಂತಿದ್ದೆವು. ಮುನಿಸ್ವಾಮಿ ಪಾತ್ರೆಯನ್ನು ಹಿಂದಕ್ಕೆ ಅಡಗಿಸಿಕೊಂಡ, ಅದನ್ನು ಹಿಡಿದಿರುವುದೇ ತಪ್ಪೆಂಬ ಹಾಗೆ. ಫಿಲೋಮಿನಮ್ಮ ನಮ್ಮಿಬ್ಬರ ಕಡೆ ತಿರುಗಿ, "ನಾಳೆ ಸಂಜೆ ನಮ್ಮನೆಗೆ ಬನ್ನಿ ಇಬ್ಬರೂ. ಅಯ್ಯೋ ಪಾಪ ಅಂದು ಮನೆಗೆ ಹೋಗೋದಕ್ಕೆ ನನ್ನಿಂದಾಗಲ್ಲ," ಎಂದರು.

ಸಂಘ ಹುಟ್ಟಿದ್ದು ಹಾಗೆ. ಹೆಸರಿಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಎರಡು ದಿನ ಯೋಚಿಸಿ 'ಕುರುವ ಜಲಯಾನ ಸುರಕ್ಷತಾ ಸ್ವಯಂಸೇವಕ ಸಂಘ' ಎಂದು ಬರೆದು ತಂದೆ. ಮುನಿಸ್ವಾಮಿಗೆ ಅದನ್ನು ಒಂದೇ ಉಸಿರಿನಲ್ಲಿ ಹೇಳಲಾಗಲಿಲ್ಲ. ಅವನಿಗೆ ಹೆಸರು ಬೇಕಾಗಿಯೂ ಇರಲಿಲ್ಲ. ಅವನ ಊರಿನ ಹೊಳೆಯಲ್ಲಿ ಒಣಸೋರೆ ಕಟ್ಟಿಕೊಂಡು ಮಕ್ಕಳು ಈಜು ಕಲಿಯುತ್ತಿದ್ದರಂತೆ. ಹರಿಗೋಲಿನಲ್ಲಿ ಕೂತ ಹೆಂಗಸರು ಮಕ್ಕಳಿಗೆಲ್ಲ ಅಂಥ ಬುರುಡೆ ಕಟ್ಟಿಸಬೇಕು, ಹರಿಗೋಲಿನ ಸುತ್ತ ಹಿಡಿದುಕೊಳ್ಳಲು ಹಗ್ಗದ ಕುಣಿಕೆ ಹಾಕಬೇಕು ಎಂದು ಅವನ ಲೆಕ್ಕ. ನಾನು ನಿಯಮಗಳನ್ನು ಬರೆದೆ. ಒಂದು ಸಲಕ್ಕೆ ಎಂಟೇ ಜನ. ದಡ ಮುಟ್ಟುವ ತನಕ ಯಾರೂ ಏಳಬಾರದು. ಮಡಕೆ ಬುಟ್ಟಿಗಳನ್ನು ಮೈಗೆ ಕಟ್ಟಿಕೊಳ್ಳಬಾರದು. ಹೊಳೆ ಏರಿದಾಗ ಹರಿಗೋಲು ಇಳಿಸಬಾರದು. ದುಂಡಗೆ ಬರೆದ ಆ ಹಾಳೆ ನೋಡಿದರೆ ಹೊಳೆಯೂ ಹೆದರಬೇಕು, ಹಾಗಿತ್ತು.

ಹೊಳೆ ಹೆದರಲಿಲ್ಲ, ಕುರುವದವರೂ ಹೆದರಲಿಲ್ಲ. ಮೂರು ಭಾನುವಾರ ಹೋಗಿ ಹೇಳಿದೆವು. ಮರ್ಯಾದೆಯಿಂದ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು, ಕೇಳಿಸಿಕೊಂಡು, ಮರುದಿನ ಹದಿನೈದು ಜನ ಹರಿಗೋಲು ಹತ್ತಿದರು. ನಮ್ಮ ಸಂಘಕ್ಕೆ 'ಬುರುಡೆ ಸಂಘ' ಎಂದು ಹೆಸರಾಯಿತು. ಬುರುಡೆ ಬಿಡುವುದೆಂದರೇನೆಂದು ನಿಮಗೆ ಹೇಳಬೇಕಾಗಿಲ್ಲ. ಭರಮಣ್ಣನಂತೂ ನಮ್ಮ ಜೊತೆ ಮಾತೇ ಆಡುತ್ತಿರಲಿಲ್ಲ. ಚೌಡಜ್ಜಿ ಸತ್ತ ದಿನದಿಂದ ಅವನು ಇನ್ನಷ್ಟು ಬಾಯಿ ಕಟ್ಟಿಕೊಂಡಿದ್ದ. ನಾನು ಒತ್ತಾಯ ಮಾಡಿದ ದಿನ ಹುಟ್ಟನ್ನು ನೆಲಕ್ಕೂರಿ, "ಈಜು ಬಾರದೋರು ಮೂರು ಜನ ಸೇರ್ಕಂಡು ನನಗೆ ಹೊಳೆ ಹೇಳ್ಕೊಡ್ತೀರಾ?" ಎಂದು ಕೇಳಿದ. ಕೋಪದಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದ.

ಆಗಲೇ ಪ್ರದರ್ಶನದ ಆಲೋಚನೆ ಬಂದದ್ದು. ಈಜು ಬಾರದವನೊಬ್ಬ ಬುರುಡೆ ಕಟ್ಟಿಕೊಂಡು ನೀರಿಗಿಳಿದು ತೇಲಿ ತೋರಿಸಿದರೆ ಜನ ನಂಬುತ್ತಾರೆ ಎಂದು ಫಿಲೋಮಿನಮ್ಮ ತೀರ್ಮಾನಿಸಿದರು. ಮುನಿಸ್ವಾಮಿಗೆ ಅಷ್ಟೋ ಇಷ್ಟೋ ಕೈಕಾಲು ಆಡಿಸಲು ಬರುತ್ತಿತ್ತು. ಫಿಲೋಮಿನಮ್ಮ ಹೆಂಗಸು. ಉಳಿದವನು ಯಾರೆಂದು ನೀವೇ ಊಹಿಸಿ.

ಮಾಘಮಾಸದ ಒಂದು ಮಧ್ಯಾಹ್ನ. ಹೊಳೆ ಇಳಿದಿತ್ತು, ನೀರು ತಿಳಿಯಾಗಿತ್ತು. ಕುರುವದ ಜನವೆಲ್ಲ ದಡದಲ್ಲಿ ಕೂತಿತ್ತು. ನಾನು ಕಚ್ಚೆ ಬಿಗಿದು, ಸೊಂಟದ ಸುತ್ತ ನಾಲ್ಕು ಬುರುಡೆ ಕಟ್ಟಿಕೊಂಡು, ಒಂದು ಸಣ್ಣ ಭಾಷಣ ಮಾಡಿದೆ. ಈಗ ನೆನೆದರೆ ಭಾಷಣವೇ ಹೆಚ್ಚು ನಾಚಿಕೆ ತರುತ್ತದೆ. ಆಮೇಲೆ ಹರಿಗೋಲಿನ ಅಂಚಿನಿಂದ ನೀರಿಗೆ ಇಳಿದೆ. ಬುರುಡೆಗಳು ತಮ್ಮ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದವು. ಅವು ಕಟ್ಟಿಸಿಕೊಂಡಿದ್ದ ಸೊಂಟವನ್ನು ಮೇಲಕ್ಕೆತ್ತಿದವು. ಸೊಂಟದ ಮೇಲಿನ ಭಾಗ ಎಲ್ಲಿಗೆ ಹೋಗಬೇಕೆಂದು ಅವಕ್ಕೆ ಯಾರೂ ಹೇಳಿರಲಿಲ್ಲ. ನನ್ನ ತಲೆ ಕೆಳಗೆ ಹೋಯಿತು, ಕಾಲು ಮೇಲೆ ಬಂದವು. ದಡದ ನಗು ನೀರಿನೊಳಗೂ ಮಂದವಾಗಿ ಕೇಳಿಸುತ್ತಿತ್ತು. ಆಮೇಲೆ ಕೇಳಿಸಲಿಲ್ಲ.

ಕಣ್ಣು ಬಿಟ್ಟಾಗ ಭರಮಣ್ಣ ನನ್ನನ್ನು ಕಚ್ಚೆ ಹಿಡಿದೆತ್ತಿ ಮರಳಿನ ಮೇಲೆ ಬೋರಲು ಮಲಗಿಸಿದ್ದ. ಬಾಯಲ್ಲೂ ಮೂಗಲ್ಲೂ ನೀರು ಸುರಿಯುತ್ತಿತ್ತು. ಫಿಲೋಮಿನಮ್ಮ ಬೆನ್ನು ತಟ್ಟುತ್ತಿದ್ದರು, ಮುನಿಸ್ವಾಮಿ ತನ್ನದೇ ತಪ್ಪೆಂದು ತಮಿಳಿನಲ್ಲಿ ಅಳುತ್ತಿದ್ದ. ಭರಮಣ್ಣ ನನ್ನ ಸೊಂಟದ ಗಂಟು ಬಿಚ್ಚಿ, ಬುರುಡೆಗಳನ್ನು ಎರಡೆರಡಾಗಿ ಜೋಡಿಸಿ, ನನ್ನ ಕಂಕುಳ ಕೆಳಗೆ ಹಗ್ಗ ಸುತ್ತಿ ಎದೆಯ ಮೇಲೆ ಗಂಟು ಹಾಕಿದ. "ಕಟ್ಟೋದು ಹಿಂಗೆ," ಎಂದ. ಅದು ಅವನು ಸಂಘದ ಕೆಲಸದಲ್ಲಿ ಆಡಿದ ಮೊದಲ ಮಾತು.

ಮುಳುಗುವವನನ್ನು ಎತ್ತಿದವನಿಗೆ ಆಮೇಲೆ ಅವನ ಮೇಲೆ ಒಂದು ಬಗೆಯ ಮಮತೆ ಬರುತ್ತದೆಯೋ ಏನೋ. ಅವತ್ತು ಸಂಜೆ ಭರಮಣ್ಣ ನಮ್ಮ ಜೊತೆ ಮರಳಿನ ಮೇಲೆ ಕೂತ. ಫಿಲೋಮಿನಮ್ಮ ನನ್ನ ನಿಯಮದ ಹಾಳೆಯನ್ನು ಮಡಚಿ ಚೀಲದಲ್ಲಿಟ್ಟು, ಹೊಳೆ ಎಷ್ಟು ಏರಿದರೆ ನಿನಗೆ ಹೆದರಿಕೆಯಾಗುತ್ತದೆ ಎಂದು ಅವನನ್ನೇ ಕೇಳಿದರು. ಅದನ್ನು ನಾವು ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಅವನು ನಡುಹೊಳೆಯ ಬಂಡೆಯೊಂದನ್ನು ತೋರಿಸಿದ. ಮಲಗಿದ ಎತ್ತಿನಂತಿದ್ದ ಅದನ್ನು ಬಸವನ ಕಲ್ಲು ಎನ್ನುತ್ತಿದ್ದರು. ಅದರ ಡುಬ್ಬ ಮುಳುಗಿದರೆ ಅವನ ಅಪ್ಪ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕುತ್ತಿದ್ದನಂತೆ. ಜಮೀನ್ದಾರ ಬಂದರೂ ಇಲ್ಲ, ಪೊಲೀಸ್ ಬಂದರೂ ಇಲ್ಲ. ತನಗೆ ಅಪ್ಪನಷ್ಟು ಗಟ್ಟಿ ಎದೆಯಿಲ್ಲ, ಜನ ಬೈದರೆ, ಅಂಗಲಾಚಿದರೆ, ಇಲ್ಲವೆನ್ನಲು ಬಾಯಿ ಬರುವುದಿಲ್ಲ ಎಂದ. "ಅವತ್ತೂ ಅಜ್ಜಿಗೆ ಮುಂದಿನ ಸಲ ಬಾ ಅಂದಿದ್ದೆ. ಮೊಸರು ಹುಳಿಯಾಗ್ತದೆ ಅಂದ್ಳು. ಹತ್ತಿಸ್ಕಂಡೆ," ಎಂದು ಹೇಳಿ ಎದ್ದು ಹೋದ.

ಅಲ್ಲಿಂದ ಮುಂದೆ ಕೆಲಸ ಸಲೀಸಾಯಿತು. ನಿಯಮ ನಮ್ಮದಲ್ಲ, ಭರಮಣ್ಣನ ಅಪ್ಪನದು ಎಂದಾಗ ಕುರುವದವರು ಒಪ್ಪಿದರು. ಮುನಿಸ್ವಾಮಿ ಹರಿಗೋಲಿನ ಅಂಚಿಗೆ ಹಗ್ಗದ ಕುಣಿಕೆ ಕಟ್ಟಿದ. ಚೌಡಜ್ಜಿಯ ಮಗಳು ರಂಗಮ್ಮ ತನ್ನ ಹಿತ್ತಲಿನ ಸೋರೆಬಳ್ಳಿಯ ಕಾಯನ್ನೆಲ್ಲ ಬುರುಡೆಗೆಂದೇ ಬಿಟ್ಟಳು. ತುಂಬು ಬಸುರಿಯರನ್ನು ಹೊಳೆ ಏರುವ ಮೊದಲೇ ಈಚೆ ದಡಕ್ಕೆ ಕರೆತಂದು, ಆಸ್ಪತ್ರೆಯ ಹತ್ತಿರದ ಮನೆಗಳಲ್ಲಿ ಇರಿಸುವ ಏರ್ಪಾಡನ್ನು ಫಿಲೋಮಿನಮ್ಮ ಮಾಡಿದರು. ಮಳೆಗಾಲ ಶುರುವಾಯಿತು. ಆಷಾಢದಲ್ಲಿ ಎರಡು ಸಲ ಡುಬ್ಬ ಮುಳುಗಿತು, ಎರಡು ಸಲವೂ ಹರಿಗೋಲು ದಡದ ಮೇಲೆ ಬೋರಲು ಬಿತ್ತು. ನಾನು ಸಂಘದ ಪುಸ್ತಕದಲ್ಲಿ 'ನಿಯಮಪಾಲನೆ ತೃಪ್ತಿಕರ' ಎಂದು ಬರೆದೆ. ಅದೇ ದಿನಗಳಲ್ಲಿ ಮಿಲ್ಲಿನ ಹಾಜರಿ ಪುಸ್ತಕದಲ್ಲಿ ಕುರುವದವರ ಹೆಸರುಗಳ ಮುಂದೆ ಅಡ್ಡಗೀಟನ್ನೂ ನಾನೇ ಎಳೆದೆ. ಎರಡೂ ಪುಸ್ತಕ ಒಂದೇ ಮೇಜಿನ ಮೇಲಿದ್ದವು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದೆಯೆಂದು ನನಗೆ ಹೊಳೆಯಲೇ ಇಲ್ಲ. ಬುದ್ಧಿವಂತರು ಎಷ್ಟು ದಡ್ಡರಾಗಿರಬಹುದು ಎಂಬುದಕ್ಕೆ ನಾನು ದೂರ ಹುಡುಕಿಕೊಂಡು ಹೋಗುವುದಿಲ್ಲ.

ಶ್ರಾವಣದಲ್ಲಿ ನನ್ನ ನಿಶ್ಚಿತಾರ್ಥ ಗೊತ್ತಾಯಿತು. ಹುಡುಗಿ ದುರ್ಗಿಗುಡಿಯವಳೇ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಅವಳ ತಂದೆ ಸಂಸ್ಕೃತ ಪಾಠ ಹೇಳುವವರು, ಹೊತ್ತು ಹೊತ್ತಿಗೆ ಎಲ್ಲ ನಡೆಯಬೇಕೆನ್ನುವವರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮುಹೂರ್ತ. ನಾನು ಶನಿವಾರ ಸಂಜೆಯ ರೈಲಿಗೆ ಶಿವಮೊಗ್ಗಕ್ಕೆ ಬರುವುದೆಂದು ಮಾತು. ಶನಿವಾರ ಅರ್ಧ ದಿನ ರಜಾ ಸಿಕ್ಕಿತು. ಸಂಜೆಯ ತನಕ ಸುಮ್ಮನೆ ಕೂರಲಾರದೆ, ಹಗ್ಗದ ಕುಣಿಕೆಗಳು ಗಟ್ಟಿಯಾಗಿವೆಯೇ ನೋಡಿಕೊಂಡು ಬರೋಣವೆಂದು ಕುರುವಕ್ಕೆ ಹೋದೆ. ನಿಜ ಹೇಳಬೇಕೆಂದರೆ ಹಗ್ಗ ನೆಪ. ನಿಶ್ಚಿತಾರ್ಥದ ಸುದ್ದಿ ರಂಗಮ್ಮನಿಗೂ ಭರಮಣ್ಣನಿಗೂ ಹೇಳಿ, ಒಂದಿಷ್ಟು ತಮಾಷೆ ಮಾಡಿಸಿಕೊಳ್ಳುವ ಆಸೆ.

ಹೋಗುವಾಗ ಬಸವನ ಕಲ್ಲಿನ ಬೆನ್ನಿನವರೆಗೂ ನೀರಿತ್ತು. ಡುಬ್ಬ ಒಣಗಿತ್ತು. ಕುರುವದಲ್ಲಿ ಬಿಸಿಲೂ ಇತ್ತು. ಆದರೆ ಮೇಲೆ ಘಟ್ಟದ ಕಡೆ ಮಳೆ ಹೊಯ್ದಿರಬೇಕು. ಎರಡು ಗಂಟೆಯ ಹೊತ್ತಿಗೆ ದಡಕ್ಕೆ ಬಂದು ನೋಡುತ್ತೇನೆ, ನೀರು ಕೆಂಪಾಗಿದೆ, ಕಸಕಡ್ಡಿ ತೇಲಿ ಬರುತ್ತಿದೆ, ಬಸವನ ಕಲ್ಲಿದ್ದಲ್ಲಿ ಬರೀ ಒಂದು ಸುಳಿ. ಭರಮಣ್ಣ ಹರಿಗೋಲನ್ನು ಮೇಲಕ್ಕೆಳೆದು ಬೋರಲು ಹಾಕಿ ಅದರ ಮೇಲೆ ಕೂತಿದ್ದ.

ಮೊದಲು ನಾನು ನಗುತ್ತಲೇ ಕೇಳಿದೆ. ಅವನು ತಲೆಯಾಡಿಸಿದ. ಆಮೇಲೆ ರೈಲಿನ ವಿಷಯ ಹೇಳಿದೆ, ಮುಹೂರ್ತದ ವಿಷಯ ಹೇಳಿದೆ. ಡುಬ್ಬ ಈಗಷ್ಟೇ ಮುಳುಗಿದೆ, ಅರ್ಧ ಗಂಟೆಯ ಹಿಂದೆ ಕಾಣುತ್ತಿತ್ತಲ್ಲ ಎಂದೆ. ಹದಿನೈದು ಜನ ಹತ್ತುವ ಹರಿಗೋಲಿಗೆ ಒಬ್ಬನ ಭಾರ ಯಾವ ಲೆಕ್ಕ ಎಂದೆ. ಬುರುಡೆ ಕಟ್ಟಿಕೊಳ್ಳುತ್ತೇನೆ ಎಂದೆ. ಮೂರು ಭಾನುವಾರ ನಾನು ಯಾವ ಯಾವ ಮಾತುಗಳನ್ನು ತಪ್ಪೆಂದು ಜನರಿಗೆ ತಿಳಿಸಿ ಹೇಳಿದ್ದೆನೋ ಆ ಎಲ್ಲ ಮಾತುಗಳನ್ನೂ ಒಂದೂ ಬಿಡದೆ ಆಡಿದೆ.

"ನಾನೊಬ್ಬನೇ ಅಲ್ವೇನೋ ಭರಮಣ್ಣ," ಎಂದೆ ಕೊನೆಗೆ.

"ಎಲ್ಲರೂ ಒಬ್ಬೊಬ್ಬರೇ ಅಲ್ವಾ ಸ್ವಾಮಿ ಬರೋದು," ಎಂದ ಅವನು.

ನನಗೆ ಸಿಟ್ಟು ಬಂತು. "ಆ ನಿಯಮ ಮಾಡಿದೋನು ನಾನು ಮಾರಾಯ. ನಾನೇ ಹೇಳ್ತಿದೀನಿ, ಇಳಿಸು."

"ಮಾಡಿದ್ದು ನಮ್ಮಪ್ಪ. ನೀವು ಬರೆದ್ರಿ, ಅಷ್ಟೆ."

ಇಲ್ಲವೆನ್ನಲು ಬಾಯಿ ಬರುವುದಿಲ್ಲ ಎಂದಿದ್ದವನು, ತಾನೇ ಹೊಳೆಯಿಂದ ಎತ್ತಿದವನಿಗೆ, ಮದುವೆಯ ಹುಡುಗನಿಗೆ, ಇಲ್ಲವೆನ್ನುತ್ತಿದ್ದ. ಹಿಂದಿರುಗಿ ನೋಡಿದೆ. ಕುರುವದ ಜನ ದಡದ ಮೇಲೆ ನಿಂತಿದ್ದರು. ಇವತ್ತು ನಾನು ದಾಟಿದರೆ ನಾಳೆಯಿಂದ ಬಸವನ ಕಲ್ಲನ್ನು ಯಾರೂ ನೋಡುವುದಿಲ್ಲ, ಭರಮಣ್ಣನೂ ಇನ್ನೊಮ್ಮೆ ಇಲ್ಲವೆನ್ನಲಾರ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ದಾಟಬೇಕೆಂದೇ ಮನಸ್ಸು ಹಾರುತ್ತಿತ್ತು. ಕೊನೆಗೆ ಹೋಗಿ ಅವನ ಪಕ್ಕದಲ್ಲಿ ಹರಿಗೋಲಿನ ಬೆನ್ನ ಮೇಲೆ ಕೂತೆ. ಅವನು ಸ್ವಲ್ಪ ಸರಿದು ಜಾಗ ಮಾಡಿದ.

ರಂಗಮ್ಮನ ಮನೆಯಲ್ಲಿ ಉಳಿದೆ. ಅವಳು ನನಗೆ ಬೇರೆ ಒಲೆ ಹೂಡಿ, ಅಕ್ಕಿ ಬೇಳೆ ತಂದಿಟ್ಟು, ನೀವೇ ಬೇಯಿಸಿಕೊಳ್ಳಿ ಎಂದು ದೂರ ನಿಂತಳು. ನಾನು ಬ್ರಾಹ್ಮಣನೆಂಬುದು ಅವಳಿಗೆ ನೆನಪಿತ್ತು, ನನಗೆ ಅನ್ನ ಬೇಯಿಸಲು ಬಾರದೆಂಬುದು ಗೊತ್ತಿರಲಿಲ್ಲ. ಹೊಗೆ ಕುಡಿದು ಸಾಕಾಗಿ ಅವಳ ಅಕ್ಕಿರೊಟ್ಟಿಯನ್ನೇ ಕೇಳಿ ತಿಂದೆ. ನಮ್ಮಮ್ಮನಿಗೆ ಇದನ್ನು ಕೊನೆಯವರೆಗೂ ಹೇಳಲಿಲ್ಲ. ಊಟಕ್ಕೆ ಕೂತಾಗ ಅವಳ ಗಂಡ ತಿಮ್ಮಪ್ಪ ಎದುರಿಗಿದ್ದ. ನಮ್ಮ ಮಿಲ್ಲಿನಲ್ಲೇ ದಿಮ್ಮಿ ಹೊರುವವನು. ಆ ಆಷಾಢದಲ್ಲಿ ಅವನಿಗೆ ಎಷ್ಟು ದಿನದ ಕೆಲಸ ತಪ್ಪಿತು ಎಂದು ನಾನು ಸುಮ್ಮನೆ ಕೇಳಿದೆ. ಅವನು ಸಂಕೋಚದಿಂದ ನಕ್ಕು, "ಗೀಟು ಹಾಕಿದೋರು ನೀವು, ನಿಮಗೇ ಗೊತ್ತಲ್ಲ ಸ್ವಾಮಿ," ಎಂದ. ಚುಚ್ಚಿ ಹೇಳಿದ್ದಲ್ಲ. ಚುಚ್ಚಿ ಹೇಳಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಭಾನುವಾರ ಬೆಳಕಾಗುತ್ತಲೇ ದಡಕ್ಕೆ ಹೋದೆ. ಹೊಳೆ ಇನ್ನೂ ಏರಿತ್ತು. ಆಚೆ ದಡದಲ್ಲಿ ಬಿಳಿ ಸೀರೆ, ಕಪ್ಪು ಕೊಡೆ. ನಾನು ರೂಮಿಗೆ ಬಂದಿಲ್ಲ, ರೈಲಿಗೂ ಹತ್ತಿಲ್ಲ ಎಂದು ಮುನಿಸ್ವಾಮಿಯಿಂದ ತಿಳಿದು ಫಿಲೋಮಿನಮ್ಮ ಹುಡುಕಿಕೊಂಡು ಬಂದಿದ್ದರು. ನಾನು ಕೂಗಿದೆ. ನೀರಿನ ಸದ್ದಿನಲ್ಲಿ ಏನೂ ಕೇಳುವಂತಿರಲಿಲ್ಲ. ಉಂಗುರದ ಬೆರಳು ತೋರಿಸಿದೆ, ರೈಲಿನ ಕಡೆ ಕೈ ತೋರಿಸಿದೆ, ಕುಣಿದೆ ಎಂದರೂ ಸರಿಯೇ. ಅವರು ಕೊಡೆಯನ್ನು ಒಂದು ಸಲ ಮೇಲೆತ್ತಿ, ತಿರುಗಿ, ಸ್ಟೇಷನ್ನಿನ ದಾರಿ ಹಿಡಿದರು.

ದುರ್ಗಿಗುಡಿಯಲ್ಲಿ ನಡೆದದ್ದನ್ನು ಆಮೇಲೆ ಅವರ ಬಾಯಿಂದಲೇ ಕೇಳಿದೆ. ಮಳೆಯಲ್ಲಿ ನೆನೆಯುತ್ತ ಹುಡುಗಿಯ ಮನೆ ಹುಡುಕಿಕೊಂಡು ಹೋದರಂತೆ. ಕ್ರಿಶ್ಚಿಯನ್ ನರ್ಸು ಶುಭಕಾರ್ಯದ ಮನೆಯೊಳಗೆ ಕಾಲಿಡುವ ಕಾಲವಲ್ಲ ಅದು. ಅಂಗಳದಲ್ಲೇ ನಿಂತು ವಿಷಯ ಹೇಳಿದರಂತೆ. ಆಗಲೇ ಅಲ್ಲಿಗೆ ಬಂದಿದ್ದ ನಮ್ಮಮ್ಮ ನಾನು ಬದುಕಿದ್ದೇನೆಂದು ಕೇಳಿ ಅತ್ತಳಂತೆ. ಹುಡುಗಿಯ ತಂದೆ ಮಾತ್ರ ಕಿಡಿಕಿಡಿಯಾದರಂತೆ. ಹೊಳೆ ನೋಡಿಕೊಂಡು ದಡದಲ್ಲಿ ಕೂರುವ ಹುಡುಗ ಸಂಸಾರವನ್ನು ಏನು ದಾಟಿಸುತ್ತಾನೆ, ಈ ಸಂಬಂಧ ಬೇಡ ಎಂದರಂತೆ. ಆಗ ಒಳಗಿನಿಂದ ಹುಡುಗಿಯ ದನಿ ಬಂತಂತೆ. ಫಿಲೋಮಿನಮ್ಮ ಅದನ್ನು ಹಾಗೆಯೇ ಒಪ್ಪಿಸಿದರು: "ಬಂದೇ ತೀರ್ತೀನಿ ಅಂತ ನೀರಿಗಿಳಿದು ಮುಳುಗಿ ಹೋಗಿದ್ರೆ, ಆಗ ಈ ಮನೇಲಿ ಎಲ್ಲರೂ ಅವರನ್ನ ಹೊಗಳ್ತಿದ್ರಾ?" ಆ ಮಾತಿಗೆ ಅವಳ ತಂದೆ ಎದ್ದು ಒಳಗೆ ಹೋದರಂತೆ, ಸಂಬಂಧ ಬೇಡವೆಂಬ ಮಾತನ್ನು ಮತ್ತೆ ಎತ್ತಲಿಲ್ಲವಂತೆ.

ಮಂಗಳವಾರ ಡುಬ್ಬ ಕಾಣಿಸಿತು. ಭರಮಣ್ಣ ನನ್ನನ್ನು ದಾಟಿಸಿದ. ಹೊಳೆಯ ನಡುವೆ ಅವನು, "ಸಿಟ್ಟಾ ಸ್ವಾಮಿ?" ಎಂದು ಕೇಳಿದ. ಇಲ್ಲವೆಂದೆ. ನಿಶ್ಚಿತಾರ್ಥ ಮುಂದಿನ ತಿಂಗಳು ನಡೆಯಿತು, ಮಾರ್ಗಶಿರದಲ್ಲಿ ಮದುವೆ. ಭರಮಣ್ಣ ಬಂದು ಚಪ್ಪರದ ಹೊರಗೆ ನಿಂತು ಒಂದು ದೊಡ್ಡ ಕುಂಬಳಕಾಯಿ ಕೊಟ್ಟು ಹೋದ.

ಆ ಮಂಗಳವಾರವೇ ನಾನು ಮಿಲ್ಲಿನ ಮಾಲೀಕರಿಗೊಂದು ಅರ್ಜಿ ಬರೆದೆ. ಹೊಳೆ ಏರಿದ ದಿನ ಕುರುವದವರಿಗೆ ಗೀಟು ಹಾಕಬಾರದು, ಬದಲಿಗೆ ಅವರು ಭಾನುವಾರ ಬಂದು ಕೆಲಸ ಮಾಡಿಕೊಡುತ್ತಾರೆ ಎಂದು. ಅವರು ಓದಿ ಬದಿಗಿಟ್ಟರು. ನಾನಾದರೆ ಅಲ್ಲಿಗೇ ಬಿಡುತ್ತಿದ್ದೆ. ಫಿಲೋಮಿನಮ್ಮ ಕೊಡೆ ಸಮೇತ ಅವರ ಮನೆಗೆ ಹೋಗಿ, ಅವರ ಹೆಂಡತಿಯ ಎದುರಿಗೆ ಕೂತು, ನಿಮ್ಮ ಎರಡೂ ಮಕ್ಕಳು ಹುಟ್ಟಿದ ರಾತ್ರಿ ನಾನು ಹೊತ್ತು ನೋಡಿಕೊಂಡು ಬಂದಿದ್ದೆನೇ ಎಂದು ಕೇಳಿದರಂತೆ. ಆ ವಾರದಲ್ಲೇ ಅರ್ಜಿ ಒಪ್ಪಿಗೆಯಾಯಿತು. ಸೀಟಿ ಕೂಗಿದರೆ ಹರಿಗೋಲಿನಲ್ಲಿ ಯಾರೂ ಎದ್ದು ನಿಲ್ಲದಂತಾದದ್ದು ನನ್ನ ನಿಯಮದಿಂದಲ್ಲ, ಆ ಅರ್ಜಿಯಿಂದ.

ಬುರುಡೆ ಸಂಘ ಆರು ಮಳೆಗಾಲ ನಡೆಯಿತು. ಆ ಆರು ವರ್ಷ ಕುರುವದ ಹೊಳೆಯಲ್ಲಿ ಯಾರೂ ಸಾಯಲಿಲ್ಲ. ನಮ್ಮಿಂದ ಯಾರು ಉಳಿದರು ಎಂದು ಕೇಳಿದರೆ ಹೇಳಲು ನನ್ನ ಹತ್ತಿರ ಒಂದು ಹೆಸರೂ ಇಲ್ಲ. ಆ ಶನಿವಾರ ಭರಮಣ್ಣ ಹರಿಗೋಲು ಇಳಿಸಿದ್ದರೆ ನಾವು ದಾಟಿಬಿಡುತ್ತಿದ್ದೆವೋ ಏನೋ, ಅದೂ ಗೊತ್ತಿಲ್ಲ. ಆಮೇಲೆ ಯುದ್ಧ ಬಂತು, ಮಿಲ್ಲು ಕೈ ಬದಲಾಯಿತು, ಮುನಿಸ್ವಾಮಿ ತನ್ನ ಊರಿಗೆ ಹೋದ. ಮೇಲೆ ಅಣೆಕಟ್ಟು ಕಟ್ಟಿದ ಮೇಲೆ ಹೊಳೆಯ ಸ್ವಭಾವವೇ ಬೇರೆಯಾಯಿತು, ಕುರುವದವರು ಒಬ್ಬೊಬ್ಬರಾಗಿ ಈಚೆ ದಡಕ್ಕೆ ಬಂದರು. ಭರಮಣ್ಣನನ್ನು ಕೊನೆಯ ಕಾಯಿಲೆಯಲ್ಲಿ ನೋಡಲು ಹೋಗಿದ್ದೆ. ತಮ್ಮ ವಂಶದಲ್ಲಿ ಹಾಸಿಗೆಯ ಮೇಲೆ ಸಾಯುತ್ತಿರುವ ಮೊದಲನೆಯವನು ತಾನೇ ಎಂದು ಹೇಳಿ ನಕ್ಕ. ಫಿಲೋಮಿನಮ್ಮ ಶಿವಮೊಗ್ಗದಲ್ಲೇ ತೀರಿಕೊಂಡರು. ನಮ್ಮ ಮೂರು ಮಕ್ಕಳನ್ನೂ ಮೊದಲು ಎತ್ತಿಕೊಂಡವರು ಅವರೇ.

ಇಲ್ಲಿಯವರೆಗೆ ಬರೆದು, ನಿನ್ನೆ ಸಂಜೆ ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಕನ್ನಡಕ ಹಣೆಗೇರಿಸಿಕೊಂಡು, ಹುರುಳಿಕಾಯಿಯ ನಾರು ತೆಗೆಯುತ್ತ ಕೇಳುತ್ತಿದ್ದಳು. ನಿಶ್ಚಿತಾರ್ಥದ ಭಾಗ ಬಂದಾಗ ಕೈ ನಿಂತಿತು. ನಾಚಿಕೊಂಡಳು ಎಂದುಕೊಂಡೆ. ಪೂರ್ತಿ ಓದಿ ಮುಗಿಸಿದೆ.

"ನಾನು ಹಾಗೆ ಹೇಳ್ಲೇ ಇಲ್ಲ," ಎಂದಳು.

ಯಾವುದನ್ನು ಎಂದು ಕೇಳಿದೆ.

"ಮುಳುಗಿ ಹೋಗಿದ್ರೆ ಹೊಗಳ್ತಿದ್ರಾ ಅನ್ನೋ ಮಾತು. ನನಗಾಗ ಹದಿನೆಂಟು. ಅಪ್ಪನ ಎದುರಿಗೆ ಬಾಯಿ ಬಿಡೋ ಧೈರ್ಯ ನನಗೆಲ್ಲಿಂದ ಬರಬೇಕು? ಹೇಳಿದ್ದು ಫಿಲೋಮಿನಮ್ಮನೇ. ಅಂಗಳದಲ್ಲಿ ಮಳೇಲಿ ನಿಂತ್ಕೊಂಡು, ಎಲ್ಲರ ಎದುರಿಗೆ ಅಪ್ಪನ್ನ ಕೇಳಿದ್ರು."

ಆ ಒಂದು ಮಾತಿಗೆ ಸೋತು ಮದುವೆಯಾದವನು ನಾನು. ಸಂ‌ಸಾರದಲ್ಲಿ ಸಿಟ್ಟು ಬಂದಾಗಲೆಲ್ಲ ಅದನ್ನೇ ನೆನೆದು ತಣ್ಣಗಾದವನು. ಆ ದಪ್ಪ ಹೆಂಗಸು ತಾನಾಡಿದ ಮಾತನ್ನು ಇನ್ನೊಬ್ಬಳ ಬಾಯಿಗಿಟ್ಟು, ನನಗೆ ತಂದುಕೊಟ್ಟು, ಸಾಯುವ ತನಕ ಒಂದು ಸುಳಿವನ್ನೂ ಕೊಡಲಿಲ್ಲ. ಇವಳಾದರೂ ಇಷ್ಟು ದಿನ ಯಾಕೆ ಹೇಳಲಿಲ್ಲವೆಂದರೆ, ನಾನು ಹಾಗೆ ನಂಬಿಕೊಂಡಿದ್ದೇನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಆ ಮಾತನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆನೇ ಹೊರತು ಅವಳೆದುರು ಒಂದು ದಿನವೂ ಆಡಿರಲಿಲ್ಲ.

"ಹಾಗಾದ್ರೆ ನೀನು ಆಗ ಏನು ಮಾಡ್ತಿದ್ದೆ?" ಎಂದು ಕೇಳಿದೆ.

ಅವಳು ಮತ್ತೆ ಹುರುಳಿಕಾಯಿ ಕೈಗೆತ್ತಿಕೊಂಡಳು. ಅಪ್ಪ ಒಳಗೆ ಹೋದ ಮೇಲೆ ಯಾರೂ ಫಿಲೋಮಿನಮ್ಮನನ್ನು ಮಾತಾಡಿಸದೆ ಎಲ್ಲರೂ ಒಳಗೆ ಸೇರಿಕೊಂಡರಂತೆ. ಅವರು ಹೊರಡಲು ಕೊಡೆ ಬಿಚ್ಚುತ್ತಿದ್ದರಂತೆ. ಹುಡುಗನ ಕಡೆಯವರಿಗೆಂದು ಬೆಳ್ಳಿಯ ಲೋಟ ತೊಳೆದಿಟ್ಟಿದ್ದರು. ಇವಳು ಅದರಲ್ಲೇ ಒಂದಕ್ಕೆ ಕಾಫಿ ಬಗ್ಗಿಸಿಕೊಂಡು, ನಿಶ್ಚಿತಾರ್ಥದ ಸೀರೆಯಲ್ಲೇ ಅಂಗಳಕ್ಕಿಳಿದು, ಅವರ ಕೈಗೆ ಕೊಟ್ಟಳಂತೆ. ಕುಡಿದು ಮುಗಿಸುವವರೆಗೂ ಮಳೆಯಲ್ಲಿ ಅವರ ಜೊತೆಗೇ ನಿಂತಿದ್ದಳಂತೆ.

"ಅಷ್ಟು ದೂರದಿಂದ ನೆನ್ಕೊಂಡು ಬಂದಿದ್ರು ಪಾಪ," ಎಂದಳು. "ಏನಾದ್ರೂ ಬಿಸಿಯಾಗಿ ಕೊಡ್ಬೇಕು ಅನ್ನಿಸ್ತು. ಲೋಟಕ್ಕೆ ಅಮ್ಮ ಆಮೇಲೆ ಬೈದಳು."

ಮೇಲೆ ಬರೆದದ್ದನ್ನು ಹೊಡೆದು ಹಾಕಿ ಸರಿಮಾಡಬೇಕೆಂದು ಪೆನ್ನು ತೆಗೆದೆ. ಕೈ ಬರಲಿಲ್ಲ. ಫಿಲೋಮಿನಮ್ಮ ಹೇಳಿದ್ದು ಹೇಳಿದ ಹಾಗೇ ಇರಲಿ. ಸತ್ಯ ಇಲ್ಲಿ ಕೆಳಗಿದೆ, ನೀವು ಓದಿದ್ದೀರಿ. ಇವಳು ಹುರುಳಿಕಾಯಿಯ ತಟ್ಟೆ ಎತ್ತಿಕೊಂಡು ಏಳಲು ಹೋದಳು, ಮಂಡಿ ಹಿಡಿದುಕೊಂಡು ಮತ್ತೆ ಕೂತಳು. ನೀನು ಕೂತಿರು ಎಂದು ಹೇಳಿ ನಾನು ಅಡಿಗೆಮನೆಗೆ ಹೋದೆ. ಇಷ್ಟು ವರ್ಷಗಳ ಸಂಸಾರದಲ್ಲಿ ಕಾಫಿಪುಡಿಯ ಡಬ್ಬ ಯಾವುದೆಂದು ನನಗೆ ಗೊತ್ತಿರಲಿಲ್ಲ. ಕೇಳಲಿಲ್ಲ. ಒಂದೊಂದೇ ಮುಚ್ಚಳ ತೆಗೆದು ನೋಡುತ್ತ ಹೋದೆ.